ತೀರ್ಪಿಲ್ಲದ ದೇವರು ಯಾರಿಗೆ ಬೇಕು?

ಕ್ರೈಸ್ತ ಸಭೆಗಳಲ್ಲಿ ಈಗ ಎರಡು ಬಗೆಯ ಬೋಧಕರು ಸಿಗುತ್ತಾರೆ. ಮೊದಲಿನವರು ನ್ಯಾಯತೀರ್ಪಿನ ಮಾತನ್ನೇ ಎತ್ತುವುದಿಲ್ಲ. ದೇವರು ಪ್ರೀತಿ, ದೇವರು ತಂದೆ, ನೀವಿದ್ದ ಹಾಗೇ ನಿಮ್ಮನ್ನು ಒಪ್ಪಿಕೊಳ್ಳುತ್ತಾನೆ ಎನ್ನುವಷ್ಟರಲ್ಲಿ ವರ್ಷದ ಐವತ್ತೆರಡು ಭಾನುವಾರಗಳು ಮುಗಿದಿರುತ್ತವೆ. ಎರಡನೆಯವರು ಅದನ್ನು ಬಿಟ್ಟು ಬೇರೇನನ್ನೂ ಎತ್ತುವುದಿಲ್ಲ. ಹೆದ್ದಾರಿ ಬದಿಯ ಬಂಡೆಯ ಮೇಲೆ ಬಳಿದ ಎಚ್ಚರಿಕೆ, ಬಸ್ ನಿಲ್ದಾಣದಲ್ಲಿ ಕೈಗೆ ತುರುಕುವ ಕರಪತ್ರದ ಕೆಂಪು ಜ್ವಾಲೆ, ಗಂಟಲು ಹರಿಯುವಂತೆ ಮೈಕಿನಲ್ಲಿ ಕೂಗುವ ನರಕದ ವರ್ಣನೆ ಇವೆಲ್ಲ ಅವರವು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುವುದಿಲ್ಲ. ಆದರೂ ಒಂದು ವಿಷಯದಲ್ಲಿ ಗುಟ್ಟಾಗಿ ರಾಜಿಯಾಗಿದ್ದಾರೆ: ದೇವರ ತೀರ್ಪು ಎಂದರೆ ಕೆಟ್ಟ ಸುದ್ದಿ. ಕೆಟ್ಟ ಸುದ್ದಿಯೆಂದೇ ಒಬ್ಬರು ಅದನ್ನು ಬಚ್ಚಿಡುತ್ತಾರೆ, ಕೆಟ್ಟ ಸುದ್ದಿಯೆಂದೇ ಇನ್ನೊಬ್ಬರು ಅದನ್ನು ಬೀಸುತ್ತಾರೆ.

ಚರ್ಚಿನ ಹೊರಗಿರುವ ವಿಚಾರವಂತರನ್ನು ಕೇಳಿದರೆ ಅವರದೂ ಇದೇ ಅಭಿಪ್ರಾಯ. ಬಡವರನ್ನು ಹೆದರಿಸಿ ಹದ್ದುಬಸ್ತಿನಲ್ಲಿಡಲು ಪುರೋಹಿತಶಾಹಿ ಹೊಸೆದ ಕಥೆ ಅದು ಎನ್ನುತ್ತಾರೆ. ಹೀಗೆ ಭಕ್ತರು, ಭೀತಿವಾದಿಗಳು, ನಾಸ್ತಿಕರು ಮೂವರೂ ಒಂದಾಗಿ ತಲೆದೂಗುವ ವಿಷಯ ನಮ್ಮಲ್ಲಿ ಬೇರೆ ಯಾವುದಾದರೂ ಇದ್ದೀತೇ ಅನುಮಾನ.

ಮೂವರೂ ತಪ್ಪಿದ್ದಾರೆ, ಅದೂ ಒಂದೇ ಜಾಗದಲ್ಲಿ ತಪ್ಪಿದ್ದಾರೆ ಎಂಬುದು ನನ್ನ ತಕರಾರು. ನ್ಯಾಯಾಲಯದೊಳಕ್ಕೆ ಕಾಲಿಟ್ಟ ಕೂಡಲೇ ಇವರ ಕಣ್ಣು ಹೋಗುವುದು ಕಟಕಟೆಯಲ್ಲಿ ನಿಂತ ಆರೋಪಿಯ ಕಡೆಗೆ. ಹೊರಗಿನ ವರಾಂಡದಲ್ಲಿ ಬೆಳಗಿನಿಂದ ಬುತ್ತಿಯ ಚೀಲ ಹಿಡಿದು, ತನ್ನ ಹೆಸರನ್ನು ಯಾವಾಗ ಕೂಗುತ್ತಾರೋ ಎಂದು ಕಿವಿಗೊಟ್ಟು ಕೂತ ದೂರುದಾರಳು ಇವರಿಗೆ ಕಾಣುವುದೇ ಇಲ್ಲ. ತೀರ್ಪಿನ ದಿನ ಅವಳಿಗೆ ಹೆದರಿಕೆಯ ದಿನವಲ್ಲ. ಅದು ಮುಂದಕ್ಕೆ ಹೋಗುವುದೇ ಅವಳಿಗೆ ಹೆದರಿಕೆ.

ಹಾಸನದಿಂದ ಅರಸೀಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ದುದ್ದ ಸಿಗುತ್ತದೆ. ರಾಗಿ, ಜೋಳ, ಆಲೂಗಡ್ಡೆಯ ಹೋಬಳಿ. ಪಕ್ಕದವನು ಬದು ಒತ್ತಿ ಎರಡು ಸಾಲು ನುಂಗಿದಾಗ, ಜಲಂಧರದ್ದೆಂದು ನಂಬಿಸಿ ಕೊಟ್ಟ ಬಿತ್ತನೆ ಗಡ್ಡೆ ನೆಲದಲ್ಲೇ ಕೊಳೆತಾಗ, ಅಂಗಮಾರಿ ಬಿದ್ದ ವರ್ಷವೂ ಸಾಲ ಕೊಟ್ಟವನು ಬಡ್ಡಿಯಲ್ಲಿ ಕಾಸೂ ಬಿಡದಿದ್ದಾಗ ಈ ಕಡೆಯವರ ಬಾಯಲ್ಲಿ ಕೊನೆಗೆ ಬರುವುದು ಒಂದೇ ಮಾತು: ‘ದ್ಯಾವ್ರು ನೋಡ್ಕತನೆ ಬುಡು.’ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಈ ಮಾತಿಗಿಲ್ಲ. ಓದಿದವರಿಗೆ ಇದರಲ್ಲಿ ಕೈಲಾಗದವನ ನಿಟ್ಟುಸಿರು ಮಾತ್ರ ಕೇಳಿಸುತ್ತದೆ. ಆದರೆ ಹೇಳುವವನ ಮುಖ ನೋಡಿ. ಅವನು ಕೇಸನ್ನು ಕೈಬಿಟ್ಟಿಲ್ಲ, ಮೇಲಿನ ಕೋರ್ಟಿಗೆ ವರ್ಗಾಯಿಸಿದ್ದಾನೆ. ಪಂಚಾಯಿತಿ ಕಟ್ಟೆ, ತಾಲೂಕು ಕಚೇರಿ, ಪೊಲೀಸ್ ಠಾಣೆ ಎಲ್ಲ ಕಡೆ ತಿರುಗಿ ಬಂದ ಮೇಲೂ ತನ್ನ ದೂರಿಗೆ ಅರ್ಥವಿದೆ ಎಂದು ನಂಬಿದವನು ಮಾತ್ರ ಹಾಗೆ ಹೇಳಬಲ್ಲ. ಪ್ರೀತಿಯ ಹೆಸರಿನಲ್ಲಿ ತೀರ್ಪನ್ನು ರದ್ದು ಮಾಡುವ ನಮ್ಮ ಬೋಧಕರು ಆ ಮೇಲಿನ ಕೋರ್ಟಿಗೂ ಬೀಗ ಹಾಕುತ್ತಿದ್ದಾರೆ.

ಮಾತು ತೇಲಿಹೋಗದಿರಲಿ ಎಂದು ಇದೇ ಹಾಸನ ಜಿಲ್ಲೆಯ ಹೊಳೆನರಸೀಪುರಕ್ಕೇ ಬರೋಣ. 2024ರ ಏಪ್ರಿಲ್‌ನಲ್ಲಿ, ಲೋಕಸಭೆಯ ಮತದಾನಕ್ಕೆ ಇನ್ನೇನು ಕೆಲವೇ ದಿನಗಳಿವೆ ಎನ್ನುವಾಗ, ಜಿಲ್ಲೆಯ ತುಂಬ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿ ಇದ್ದದ್ದು ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳೆಂಬುದು ನಾಡಿಗೆಲ್ಲ ಗೊತ್ತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಅತ್ಯಾಚಾರದ ಅಪರಾಧಿಯೆಂದು ಸಾರಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಎದುರು ನಿಂತಿದ್ದವಳು ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು. ಅಂಥ ರಾಜಕೀಯ ಮನೆತನದ ಎದುರು ಅಂಥ ಹೆಣ್ಣು ಸಾಕ್ಷಿ ನುಡಿಯುತ್ತಾಳೆ, ಕೋರ್ಟು ಅವಳ ಮಾತನ್ನು ನಂಬುತ್ತದೆ ಎಂದು ಹಾಸನದಲ್ಲಿ ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಗುತ್ತಿದ್ದರು. ಮೇಲ್ಮನವಿಯ ದಾರಿ ಅಪರಾಧಿಗೆ ಇದ್ದೇ ಇದೆ, ಇರಲೂಬೇಕು. ನಾನು ಕೇಳುವುದು ಬೇರೆ: ಆ ದಿನ ತೀರ್ಪು ಹೊರಬಿದ್ದಾಗ ‘ಈ ನ್ಯಾಯಾಧೀಶರಲ್ಲಿ ಪ್ರೀತಿಯೇ ಇಲ್ಲವಲ್ಲ’ ಎಂದು ಯಾರಾದರೂ ಕೊರಗಿದರೇ? ತೀರ್ಪೇ ಕೊಡದೆ, ಇಬ್ಬರನ್ನೂ ನೋಡಿ ಮುಗುಳ್ನಕ್ಕು ಮನೆಗೆ ಕಳಿಸಿದ್ದರೆ ಅಂಥ ನ್ಯಾಯಾಧೀಶರನ್ನು ಕರುಣಾಳು ಎನ್ನುತ್ತಿದ್ದೆವೇ? ಮನುಷ್ಯರಲ್ಲಿ ಕಂಡರೆ ಉಗಿಯುವ ಗುಣವನ್ನು ದೇವರಿಗೆ ಅಂಟಿಸಿ ಅದನ್ನೇ ಪ್ರೀತಿ ಎಂದು ಹಾಡುತ್ತಿದ್ದೇವೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಬ್ಬ ಹೆಣ್ಣಿಗೆ ತೀರ್ಪು ಸಿಕ್ಕಿತು. ದೂರು ಕೊಡದೆ, ಕೊಡಲಾರದೆ ಉಳಿದವರ ಗತಿ ಏನು? ಮುಖ ಬಯಲಾಗಿ ಊರು ಬಿಟ್ಟವರು, ಮನೆಗೆ ಬೀಗ ಹಾಕಿಕೊಂಡು ಹೋದವರು, ಗಂಡನ ಎದುರು ಇವತ್ತಿಗೂ ಕಣ್ಣೆತ್ತಲಾರದವರು ಇದ್ದಾರೆ. ಆ ದೃಶ್ಯಗಳನ್ನು ನೋಡಿ, ನಕ್ಕು, ಇನ್ನೊಬ್ಬರಿಗೆ ರವಾನಿಸಿದ ಸಾವಿರಾರು ಬೆರಳುಗಳನ್ನು ಯಾವ ಕೋರ್ಟು ಕರೆಸೀತು? ಯಾವ ಸೆಕ್ಷನ್ ಹಾಕೀತು? ಆ ಬೆರಳುಗಳಲ್ಲಿ ಭಾನುವಾರ ಬೈಬಲ್ ಮಗುಚುವ ಬೆರಳುಗಳೂ ಇದ್ದವೆಂದು ಹೇಳಲು ನನಗೆ ಸಾಕ್ಷಿ ಬೇಕಿಲ್ಲ. ಮನುಷ್ಯರ ನ್ಯಾಯಾಲಯ ಎಷ್ಟೇ ಒಳ್ಳೆಯದಿರಲಿ, ಅದರ ಕೈ ತಲುಪುವಷ್ಟು ದೂರ ಮಾತ್ರ ಅದರ ನ್ಯಾಯ. ಉಳಿದದ್ದು ಎಲ್ಲಿ ತೀರುತ್ತದೆ ಎಂಬ ಪ್ರಶ್ನೆಗೆ ಕ್ರೈಸ್ತ ನಂಬಿಕೆ ಕೊಟ್ಟ ಉತ್ತರವೇ ಕಡೇ ದಿನದ ನ್ಯಾಯತೀರ್ಪು.

ಮನುಷ್ಯರ ಕೋರ್ಟು ಕೈಚೆಲ್ಲಿದ ಕಥೆಗಳಿಗೂ ನಮ್ಮಲ್ಲಿ ಬರವಿಲ್ಲ. 2000ದ ಮಾರ್ಚ್‌ನಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದ ಮೇಲೆ ಕೋರ್ಟಾದರೂ ಏನು ಮಾಡೀತು ಎನ್ನಬಹುದು. ಸರಿ. ಆದರೆ ಏಳು ಜನ ಸುಟ್ಟುಹೋದರು, ಸುಟ್ಟವರು ಮಾತ್ರ ಯಾರೂ ಇಲ್ಲ ಎಂಬಲ್ಲಿಗೆ ಆ ಕಡತ ಮುಚ್ಚಿತು. ಇದೇ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ ಬಸವೇಶ್ವರ ದೇವಸ್ಥಾನದೊಳಕ್ಕೆ ಕಾಲಿಟ್ಟ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ ಸುದ್ದಿ ಬಂದದ್ದು 2015ರಲ್ಲಿ. ದಂಡ ಹಾಕಿದ್ದು ಊರಿನ ನ್ಯಾಯ. ಊರಿನ ನ್ಯಾಯದ ಮೇಲೆ ಇನ್ನೊಂದು ನ್ಯಾಯ ಇಲ್ಲವೆಂದಾದರೆ ಆ ಹೆಣ್ಣುಮಕ್ಕಳೇ ತಪ್ಪಿತಸ್ಥರಾಗಿ ಉಳಿಯಬೇಕಾಗುತ್ತದೆ.

ಬೈಬಲಿನಲ್ಲಿ ತೀರ್ಪಿನ ಸುದ್ದಿಗೆ ಮೊದಲು ಹಿಗ್ಗುವವರು ಯಾರು ಎಂದು ಹುಡುಕಿ ನೋಡಿ. ತೊಂಬತ್ತಾರನೆಯ ಮತ್ತು ತೊಂಬತ್ತೆಂಟನೆಯ ಕೀರ್ತನೆಗಳಲ್ಲಿ ದೇವರು ಭೂಮಿಗೆ ನ್ಯಾಯ ತೀರಿಸಲು ಬರುತ್ತಾನೆಂದು ಕೇಳಿ ಹೊಳೆ, ಗುಡ್ಡ, ಕಾಡಿನ ಮರ, ಹೊಲ ಎಲ್ಲ ಸಂಭ್ರಮಕ್ಕೆ ನಿಲ್ಲುತ್ತವೆ.  ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಪ್ರಾರ್ಥನೆಗೆ ಮಾದರಿಯಾಗಿ ತೋರಿಸುವುದು ಜಪಮಾಲೆ ಹಿಡಿದ ಸಾಧ್ವಿಯನ್ನಲ್ಲ, ದುಷ್ಟ ನ್ಯಾಯಾಧೀಶನ ಬಾಗಿಲು ಬಿಡದೆ ಬಡಿಯುವ ವಿಧವೆಯನ್ನು. ಅವಳು ಕೇಳುತ್ತಿರುವುದು ಸಮಾಧಾನವನ್ನಲ್ಲ, ತೀರ್ಪನ್ನು. ಪ್ರಕಟಣೆಯ ಆರನೆಯ ಅಧ್ಯಾಯದಲ್ಲಿ ಕೊಲೆಯಾದ ವಿಶ್ವಾಸಿಗಳು ಯಜ್ಞವೇದಿಯ ಕೆಳಗಿನಿಂದ, ಇನ್ನೆಷ್ಟು ಕಾಲ ಸುಮ್ಮನಿರುತ್ತೀ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಸ್ವರ್ಗ ಸೇರಿದವರಿಗೂ ತೀರ್ಪು ಬೇಕಾಗಿದೆ! ಯಾಕೋಬನ ಪತ್ರದಲ್ಲಿ ಕೂಲಿಯವರಿಗೆ ಕೊಡದೆ ತಡೆದಿಟ್ಟ ಕೂಲಿಗೇ ಬಾಯಿ ಬಂದು ಅದು ಕೂಗುತ್ತದೆ. ಅಳತೆಯ ಕೊಳಗ ಕಿರಿದು ಮಾಡಿ, ತೂಕದ ಬಟ್ಟು ಹಿರಿದು ಮಾಡಿ, ಜಳ್ಳನ್ನು ಕಾಳೆಂದು ಮಾರುವ ವ್ಯಾಪಾರಿಗಳ ಮೇಲೆ ಪ್ರವಾದಿ ಆಮೋಸ ಕೆರಳುವುದನ್ನು ಬಿತ್ತನೆ ಗಡ್ಡೆಯಲ್ಲಿ ಮೋಸಹೋದ ದುದ್ದದ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಸಿ.ಎಸ್. ಲೂಯಿಸ್ ಎಂಬ ಇಂಗ್ಲಿಷ್ ಲೇಖಕ ಕೀರ್ತನೆಗಳ ಮೇಲೆ 1958ರಲ್ಲಿ ಬರೆದ ಪುಸ್ತಕದಲ್ಲಿ ಚೆನ್ನಾಗಿ ಹಿಡಿದಿದ್ದಾನೆ. ನಾವು ದೇವರ ತೀರ್ಪನ್ನು ಕ್ರಿಮಿನಲ್ ಮೊಕದ್ದಮೆಯಂತೆ ಊಹಿಸಿ ನಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ಕೀರ್ತನೆಕಾರನೋ ಅದನ್ನು ಸಿವಿಲ್ ದಾವೆಯಂತೆ ಕಂಡು ತಾನೇ ವಾದಿಯಾಗಿ ನಿಲ್ಲುತ್ತಾನೆ. ಅವನಿಗೆ ಬೇಕಾದದ್ದು ಖುಲಾಸೆಯಲ್ಲ, ವಿಚಾರಣೆ. ಕೇಸು ಬೆಂಚಿಗೆ ಬಂದರೆ ಸಾಕು, ಗೆಲ್ಲುವ ಧೈರ್ಯ ಅವನಿಗಿದೆ. ಸಿವಿಲ್ ದಾವೆ ಹೂಡಿ ತಾತನ ಕಾಲದಿಂದ ಮೊಮ್ಮಗನ ಕಾಲದವರೆಗೆ ಅಲೆದ ಕುಟುಂಬಗಳಿರುವ ಈ ಜಿಲ್ಲೆಯಲ್ಲಿ ಲೂಯಿಸನ ಮಾತು ಆಕ್ಸ್‌ಫರ್ಡಿಗಿಂತ ಬೇಗ ಅರ್ಥವಾಗುತ್ತದೆ.

ತೀರ್ಪಿನ ಈ ಹಂಬಲ ಕ್ರೈಸ್ತ ಮಿಷನರಿಗಳು ಹಡಗಿನಲ್ಲಿ ತಂದಿಳಿಸಿದ್ದೂ ಅಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಯ ಸುತ್ತಿನ ದಾನಶಾಸನಗಳ ಕೊನೆಯ ಸಾಲುಗಳನ್ನು ನೋಡಿ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನಿಗೆ ಗಂಗೆಯ ತಡಿಯಲ್ಲಿ ಹಸುವನ್ನು ಕೊಂದ ಪಾಪ ತಟ್ಟಲಿ, ಅವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬ ಶಾಪ ಅಲ್ಲಿದೆ. ಕೊಡುವ ಅರಸನಿಗೆ ಗೊತ್ತು: ನಾಳೆ ಬರುವ ಅರಸನನ್ನು ತಡೆಯುವ ಕಾನೂನು ಯಾವುದೂ ಇಲ್ಲ. ಆದ್ದರಿಂದ ಅರಸರ ಮೇಲಿನ ಅಧಿಕಾರಕ್ಕೆ ದಾನವನ್ನು ಒಪ್ಪಿಸಿ ಕೈತೊಳೆದುಕೊಳ್ಳುತ್ತಾನೆ. ಆ ಶಾಪಗಳು ಕಾದದ್ದು ಹೆಚ್ಚಾಗಿ ಗುಡಿ, ಬಸದಿ, ಅಗ್ರಹಾರಗಳ ಭೂಮಿಯನ್ನು. ಕೇರಿಯವರ ಭೂಮಿಗೆ ಕಲ್ಲು ನೆಡಿಸಿದವರು ಕಡಿಮೆ. ಆ ಕೊರತೆ ಇದ್ದದ್ದೇ. ಆದರೂ ಹಿಡಿದ ಎಳೆ ಸರಿಯಾದದ್ದು: ಬಲಿಷ್ಠನ ಮೇಲೊಬ್ಬ ವಿಚಾರಣೆ ಮಾಡುವವನು ಇಲ್ಲದಿದ್ದರೆ ಯಾರ ಭೂಮಿಗೂ ಭದ್ರತೆಯಿಲ್ಲ.

ಹಾಸನಾಂಬೆಯ ಗುಡಿಯ ಕಥೆ ಇದಕ್ಕಿಂತ ಹತ್ತಿರದ್ದು. ಅತ್ತೆಯ ಏಟಿಗೆ ಸಿಕ್ಕ ಸೊಸೆ ಅಮ್ಮನನ್ನು ಕೂಗಿ ಕಲ್ಲಾದಳು. ಆ ಸೊಸೆಕಲ್ಲು ವರ್ಷಕ್ಕೊಂದು ಭತ್ತದ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಿದೆ. ಪಾದ ಮುಟ್ಟಿದ ದಿನ ಕಲಿಯುಗಕ್ಕೆ ಕೊನೆ. ದೇವಿಯ ಒಡವೆಗೆ ಕೈಹಾಕಿದ ಕಳ್ಳರು ಕೂಡ ಅಲ್ಲೇ ಕಲ್ಲಾಗಿದ್ದಾರೆ. ನಾನು ಬೇರೆ ನಂಬಿಕೆಯವನು, ಈ ಕಥೆಯನ್ನು ನನ್ನ ವಾದಕ್ಕೆ ಬಗ್ಗಿಸುವ ಹಕ್ಕು ನನಗಿಲ್ಲ. ಒಂದನ್ನು ಮಾತ್ರ ಗಮನಿಸುತ್ತೇನೆ. ಈ ಕಥೆಯನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದ ಹೆಂಗಸರು ಯುಗಾಂತ್ಯವನ್ನು ಯಾರ ಕಡೆಯಿಂದ ಅಳೆಯುತ್ತಿದ್ದಾರೆ? ಏಟು ತಿಂದವಳ ಕಡೆಯಿಂದ. ಅವಳು ಪಾದ ಮುಟ್ಟುವವರೆಗೆ ಕಾಲ ಮುಗಿಯುವಂತಿಲ್ಲ. ಯುಗಾಂತ್ಯವೆಂದರೆ ಬರೀ ಬೆಂಕಿ, ಗಂಧಕ ಎಂದು ಬೆದರಿಸುವ ನಮ್ಮ ಮೈಕಿನ ಬೋಧಕರಿಗಿಂತ ಹಾಸನದ ಹೆಂಗಸರು ಬೈಬಲಿಗೆ ಹತ್ತಿರದಲ್ಲಿದ್ದಾರೆ.

ತೀರ್ಪು ಚರ್ಚಿನ ಪೂಜೆಯಿಂದ ಮೆಲ್ಲಗೆ ಹಿಂದೆ ಸರಿದದ್ದಕ್ಕೂ ಒಂದು ಚರಿತ್ರೆಯಿದೆ. ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ರೋಸರಿ ಚರ್ಚು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಅಲ್ಲಿ ಲ್ಯಾಟಿನ್ ಪೂಜೆ ನಡೆಯುತ್ತಿದ್ದ ಕಾಲದಲ್ಲಿ ಸತ್ತವರಿಗಾಗಿ ಅರ್ಪಿಸುವ ಪೂಜೆಯಲ್ಲಿ ಕ್ರೋಧದ ದಿನವನ್ನು ಕುರಿತ ಒಂದು ದೀರ್ಘಗೀತೆ ಇರುತ್ತಿತ್ತು, ರೋಮನ್ ಸಂಪ್ರದಾಯದಲ್ಲಿ ಎಲ್ಲೆಡೆ ಇದ್ದ ಹಾಗೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1969ರ ಸುಧಾರಣೆಯಲ್ಲಿ ಅದನ್ನು ಶವಸಂಸ್ಕಾರದ ಪೂಜೆಯಿಂದ ಕೈಬಿಟ್ಟರು. ದುಃಖದಲ್ಲಿರುವವರನ್ನು ಇನ್ನಷ್ಟು ನಡುಗಿಸುವುದು ಬೇಡ ಎಂಬ ಕಾರಣ ಒಪ್ಪುವಂಥದ್ದೇ. ಆದರೆ ಹೆದರಿಕೆ ಹೋಗುವಾಗ ಅದರ ಜೊತೆಗೆ ತೀರ್ಪೂ ಹೊರಟುಹೋಯಿತು, ಅದರ ಜಾಗಕ್ಕೆ ಮೆತ್ತನೆಯ ಸಾಂತ್ವನ ಬಂದು ಕೂತಿತು. ಮುಂದೆ ರೋಮ್ ತಾನೇ ಎಚ್ಚರಿಸಿತು: ಪೋಪ್ ಹದಿನಾರನೆಯ ಬೆನೆಡಿಕ್ಟ್ 2007ರ ವಿಶ್ವಪತ್ರದಲ್ಲಿ ಅಂತಿಮ ತೀರ್ಪನ್ನು ಭೀತಿಯ ಚಿತ್ರಕ್ಕಿಂತ ಮೊದಲು ಭರವಸೆಯ ಚಿತ್ರವಾಗಿ ನೋಡಬೇಕೆಂದರು, ನ್ಯಾಯದ ಪ್ರಶ್ನೆಯೇ ನಿತ್ಯಜೀವದ ನಂಬಿಕೆಗೆ ಎಲ್ಲಕ್ಕಿಂತ ಬಲವಾದ ಆಧಾರವೆಂದು ವಾದಿಸಿದರು. ಪ್ರಾಟೆಸ್ಟಂಟರಿಗೆ ಇದು ಇನ್ನೂ ಹಳೆಯ ಪಾಠ. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಸಿದ್ಧವಾದ ಪ್ರಶ್ನೋತ್ತರ ಬೋಧನೆಯಲ್ಲಿ, ಕ್ರಿಸ್ತನು ಸತ್ತವರಿಗೂ ಬದುಕಿರುವವರಿಗೂ ನ್ಯಾಯ ತೀರಿಸಲು ಬರುವುದರಿಂದ ನಿನಗೆ ಸಿಗುವ ನೆಮ್ಮದಿ ಏನು ಎಂದೇ ಕೇಳಿದ್ದಾರೆ. ಭಯ ಏನು ಎಂದು ಕೇಳಿಲ್ಲ.

ಶೆಟ್ಟಿಹಳ್ಳಿಯ ಮಾತು ಬಂತು, ಅದನ್ನು ಹಾಗೇ ದಾಟಿ ಹೋಗಲು ಮನಸ್ಸಿಲ್ಲ. ಇವತ್ತು ಅದು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಪ್ರವಾಸಿ ತಾಣ. ಮದುವೆಗೆ ಮುಂಚಿನ ಫೋಟೊ ತೆಗೆಸಲು ಜೋಡಿಗಳು ಬರುತ್ತವೆ, ಕಮಾನುಗಳ ನಡುವೆ ಡ್ರೋನ್ ಹಾರುತ್ತದೆ. ಆ ನೀರಿನ ಕೆಳಗೆ ಇರುವುದು ಬರೀ ಚರ್ಚಲ್ಲ, ಜನ ಬಿಟ್ಟು ಎದ್ದುಹೋದ ಹೊಲ, ಮನೆ, ದಾರಿಗಳು. ಗೊರೂರಿನ ಅಣೆಕಟ್ಟು 1979ರ ಹೊತ್ತಿಗೆ ಮುಗಿದಾಗ ಎಲ್ಲ ಜಾತಿ, ಮತದವರೂ ಊರು ಬಿಟ್ಟರು. ಅಣೆಕಟ್ಟು ಅನ್ಯಾಯದ್ದೆಂದು ತೀರ್ಪು ಕೊಡುವಷ್ಟು ಸರಳ ವಿಷಯ ಇದಲ್ಲ. ಆ ನೀರು ಚನ್ನರಾಯಪಟ್ಟಣದ ಕಡೆಗೂ ಹರಿಯಿತು, ಮಂಡ್ಯ, ತುಮಕೂರುಗಳನ್ನೂ ಮುಟ್ಟಿತು. ಕುಡಿದವರು ಕೃತಘ್ನರಾಗಬಾರದು. ಆದರೆ ಯಾರು ಏನು ಕಳೆದುಕೊಂಡರು, ಯಾರಿಗೆ ಏನು ಸಿಕ್ಕಿತು, ಯಾರ ಪರಿಹಾರದ ಕಡತ ಯಾವ ಮೇಜಿನ ಮೇಲೆ ಎಷ್ಟು ವರ್ಷ ಮಲಗಿತು ಎಂಬ ಲೆಕ್ಕ ಕಳೆದುಕೊಂಡವರೊಂದಿಗೇ ಮಣ್ಣಾಗಬೇಕೇ? ಪಾಳುಬಿದ್ದ ಚರ್ಚಿನ ಸೌಂದರ್ಯಕ್ಕೆ ಮರುಳಾದ ನಮ್ಮ ಭಾವುಕತೆಗೂ, ತೀರ್ಪಿಲ್ಲದ ದೇವರನ್ನು ಬಯಸುವ ಭಾವುಕತೆಗೂ ನೆಂಟಸ್ತಿಕೆ ಇದೆ. ಎರಡಕ್ಕೂ ಚಿತ್ರ ಬೇಕು, ದೂರುದಾರರು ಬೇಡ.

ಎದುರು ವಾದಗಳಿಗೆ ಬರುತ್ತೇನೆ. ಇದೆಲ್ಲ ಸೇಡಿನ ಹಸಿವಿಗೆ ಹೊದಿಸಿದ ಶಾಲು ಎನ್ನುವವರಿದ್ದಾರೆ. ಆ ಅಪಾಯ ಇಲ್ಲವೆನ್ನಲಾರೆ. ಶತ್ರು ಬೇಯುವುದನ್ನು ಗ್ಯಾಲರಿಯಲ್ಲಿ ಕೂತು ನೋಡುವ ಸುಖಕ್ಕಾಗಿ ಕಡೇ ದಿನವನ್ನು ಕಾಯುವ ವಿಶ್ವಾಸಿಗಳನ್ನು ನಾನೂ ಕಂಡಿದ್ದೇನೆ. ಪ್ರವಾದಿ ಆಮೋಸ ಅಂಥವರಿಗೇ ಛೀಮಾರಿ ಹಾಕಿದ್ದಾನೆ: ಕರ್ತನ ದಿನ ಬರಲಿ ಎನ್ನುತ್ತೀರಲ್ಲ, ಅದು ನಿಮಗೂ ಕತ್ತಲೆಯೇ ಎಂಬುದು ಅವನ ಮಾತಿನ ತಿರುಳು. ಆದರೆ ತೀರ್ಪಿನ ನಂಬಿಕೆ ಸೇಡನ್ನು ಹುಟ್ಟಿಸುತ್ತದೆಂಬ ವಾದ ತಲೆಕೆಳಗಾಗಿದೆ. ಪೌಲನು ರೋಮಿನವರಿಗೆ ಬರೆಯುವಾಗ ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡಲು ಹೇಳಿ, ಅದರ ಬೆನ್ನಿಗೇ ಹಸಿದ ವೈರಿಗೆ ಊಟ ಹಾಕಲು ಹೇಳುತ್ತಾನೆ. ಮೊದಲನೆಯದು ಇಲ್ಲದೆ ಎರಡನೆಯದು ಆಗದು. ತೀರ್ಪು ಇನ್ನೊಬ್ಬರ ಕೈಯಲ್ಲಿ ಭದ್ರವಾಗಿದೆ ಎಂದು ನಂಬಿದವನು ಮಾತ್ರ ತನ್ನ ಕೈಯಲ್ಲಿರುವ ಮಚ್ಚನ್ನು ಕೆಳಗಿಡಬಲ್ಲ. ಕ್ರೊಯೇಷಿಯಾದ ದೇವಶಾಸ್ತ್ರಜ್ಞ ಮಿರೊಸ್ಲಾವ್ ವೋಲ್ಫ್, ತನ್ನ ನಾಡಿನ ಊರುಗಳು ಸುಟ್ಟು ಬೂದಿಯಾದದ್ದನ್ನು ಕಂಡು 1996ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ಹೇಳಿದ. ತೀರ್ಪು ಕೊಡದ ದೇವರು ಹುಟ್ಟುವುದು ಏನೂ ಕಳೆದುಕೊಳ್ಳದವರ ತಣ್ಣನೆಯ ಬಡಾವಣೆಗಳಲ್ಲಿ ಎಂಬುದು ಅವನ ಕಟಕಿ.

ತೀರ್ಪನ್ನು ಬದಿಗಿಟ್ಟ ಕ್ಷಮೆ ಹೇಗಿರುತ್ತದೆಂದು ನಮ್ಮಲ್ಲೇ ಕಂಡಿದ್ದೇವೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಿನ ಜಿಲ್ಲೆಗಳಲ್ಲಿ ಚರ್ಚುಗಳ ಮೇಲೆ ದಾಳಿ ನಡೆಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ ಸರ್ಕಾರಕ್ಕಾಗಲೀ ಮುಖ್ಯ ಹಿಂದೂ ಸಂಘಟನೆಗಳಿಗಾಗಲೀ ಇದರಲ್ಲಿ ಕೈಯಿಲ್ಲ ಎಂದಿತು. ನಿವೃತ್ತ ನ್ಯಾಯಮೂರ್ತಿ ಎಂ.ಎಫ್. ಸಲ್ಡಾನ ಅವರ ಖಾಸಗಿ ವಿಚಾರಣೆ ಇದಕ್ಕೆ ತದ್ವಿರುದ್ಧವಾಗಿ ಹೇಳಿತು. ಒಡೆದ ಶಿಲುಬೆಗಳ ಎದುರು ಎರಡು ವರದಿಗಳು ಉಳಿದವು. ಆಗ ಕ್ರೈಸ್ತರಿಗೆ ಸಿಕ್ಕ ಬೋಧನೆ ಒಂದೇ: ಕ್ಷಮಿಸಿ, ಮರೆತುಬಿಡಿ. ಕ್ಷಮಿಸಿ ಎಂಬುದು ಸುವಾರ್ತೆಯ ಮಾತು. ಮರೆತುಬಿಡಿ ಎಂಬುದು ಯಾರ ಮಾತು? 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆಂದು ಲೋಕದೆದುರು ಹೇಳಿದರು. ಏನೂ ಆಗಿಲ್ಲ ಎಂದು ಹೇಳಲಿಲ್ಲ. ಮೊಕದ್ದಮೆ ತನ್ನ ದಾರಿಯಲ್ಲಿ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟು ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ತೀರ್ಪೇ ಬೇಡವಾದ ಕಡೆ ಕ್ಷಮಿಸಲು ಏನೂ ಉಳಿದಿರುವುದಿಲ್ಲ. ಅಲ್ಲಿರುವುದು ಬರೀ ಮರೆವು.

ಇನ್ನು ಅಫೀಮಿನ ವಾದ. ಮೇಲಿನ ಕೋರ್ಟಿನ ಆಸೆ ತೋರಿಸಿ ಕೆಳಗಿನ ಹೋರಾಟವನ್ನು ಮಲಗಿಸುತ್ತೀರಿ ಎಂಬುದು. ಪೋಲೆಂಡಿನ ಕವಿ ಚೆಸ್ವಾವ್ ಮಿವೋಷ್ ಎರಡು ಸರ್ವಾಧಿಕಾರಗಳ ನೆರಳಲ್ಲಿ ಬದುಕಿದವನು. 1998ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅವನು ಈ ವಾದವನ್ನು ಮಗುಚಿಹಾಕಿದ: ಸತ್ತ ಮೇಲೆ ಏನೂ ಇಲ್ಲ, ನಮ್ಮ ಮೋಸ, ದುರಾಸೆ, ಕೊಲೆಗಳಿಗೆ ಯಾರೂ ಲೆಕ್ಕ ಕೇಳುವುದಿಲ್ಲ ಎಂಬ ನಂಬಿಕೆಯೇ ಜನರ ನಿಜವಾದ ಅಫೀಮು ಎಂದ. ದೌರ್ಜನ್ಯ ಮಾಡುವವನ ಹಾಸಿಗೆಯನ್ನು ಮೆತ್ತಗೆ ಮಾಡುವುದು ಯಾವುದು? ತೀರ್ಪು ಇದೆ ಎಂಬ ಮಾತೋ, ಇಲ್ಲ ಎಂಬ ಮಾತೋ? ಹೋರಾಟ ಮಲಗುವ ಪ್ರಶ್ನೆಗೆ ಲೂಕನ ಸುವಾರ್ತೆಯ ಆ ವಿಧವೆಯೇ ಉತ್ತರ. ಅವಳು ಎರಡೂ ಬಾಗಿಲು ಬಡಿಯುತ್ತಾಳೆ.

‘ಮಾಡಿದ್ದುಣ್ಣೋ ಮಾರಾಯ’ ಎಂಬ ಗಾದೆಯಿಂದಲೂ ಈ ನಂಬಿಕೆಯನ್ನು ಬೇರೆ ಮಾಡಿ ನೋಡಬೇಕು. ಆ ಗಾದೆ ತಪ್ಪು ಮಾಡಿದವನ ಕಡೆಗೆ ತಿರುಗಿದಾಗ ಚೆನ್ನಾಗಿದೆ. ನರಳುವವನ ಕಡೆಗೆ ತಿರುಗಿದರೆ ಕ್ರೂರ: ನೀನು ಉಣ್ಣುತ್ತಿರುವುದು ನೀನೇ ಮಾಡಿದ್ದು ಎಂದುಬಿಡುತ್ತದೆ. ಹುಟ್ಟು ಕುರುಡನನ್ನು ಕಂಡು, ಪಾಪ ಯಾರದು, ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರದೂ ಅಲ್ಲ ಎಂದ. ಸಂಕಟದಲ್ಲಿ ಬಿದ್ದವನನ್ನು ಆರೋಪಿಗಳ ಪಟ್ಟಿಯಿಂದ ಬಿಡಿಸುವುದೇ ಇಲ್ಲಿ ನ್ಯಾಯದ ಮೊದಲ ಕೆಲಸ.

ನರಕ? ಅದರ ಉಷ್ಣಾಂಶ ಅಳೆಯುವ ಕೆಲಸ ನನ್ನದಲ್ಲ. ಅಳೆದು ಬಂದವರಂತೆ ಮಾತಾಡುವವರ ಮೇಲೆ ನನಗೆ ನಂಬಿಕೆಯೂ ಇಲ್ಲ.

ಕಷ್ಟದ ಪ್ರಶ್ನೆ ಬೇರೆ ಇದೆ. ವರಾಂಡದ ದೂರುದಾರಳ ಕಡೆ ನಿಂತು ಇಷ್ಟು ಹೊತ್ತು ಮಾತಾಡಿದೆನಲ್ಲ, ನಾನೇ ಆರೋಪಿಯಾಗಿ ನಿಲ್ಲಬೇಕಾದ ದಿನ? ಇಲ್ಲಿ ಕ್ರೈಸ್ತ ನಂಬಿಕೆ ಹೇಳುವ ಮಾತು ವಿಚಿತ್ರವಾದದ್ದು. ನ್ಯಾಯಾಸನದ ಮೇಲೆ ಕೂತಿರುವವನು ಸ್ವತಃ ಸುಳ್ಳು ಸಾಕ್ಷಿಗಳ ನಡುವೆ, ರಾತ್ರೋರಾತ್ರಿ ನಡೆದ ವಿಚಾರಣೆಯಲ್ಲಿ, ತಪ್ಪಿಲ್ಲವೆಂದು ಗೊತ್ತಿದ್ದೂ ಕೈತೊಳೆದುಕೊಂಡ ಅಧಿಕಾರಿಯಿಂದ ಮರಣದಂಡನೆ ಪಡೆದವನು. ಅನ್ಯಾಯದ ತೀರ್ಪು ಎಂದರೇನೆಂದು ಮೈಯ ಮೇಲಿನ ಗಾಯಗಳಿಂದ ಬಲ್ಲ ನ್ಯಾಯಾಧೀಶ. ತನಗೆ ಮೊಳೆ ಹೊಡೆದವರಿಗಾಗಿಯೂ ಕ್ಷಮೆ ಬೇಡಿದವನು. ಅಂಥವನ ಎದುರು ನಿಲ್ಲುವುದು ವಿಶ್ವಾಸಿಗೆ ಭಯಕ್ಕಿಂತ ಬಿಡುಗಡೆ. ನನ್ನನ್ನು ನಾನೇ ಸಮರ್ಥಿಸಿಕೊಳ್ಳುತ್ತಾ ಬದುಕುವ ಆಯಾಸ ಅಲ್ಲಿಗೆ ತೀರುತ್ತದೆ. ಅವನೆದುರು ಸುಳ್ಳು ನಡೆಯುವುದಿಲ್ಲ, ಸುಳ್ಳಿನ ಅಗತ್ಯವೂ ಇಲ್ಲ. ಪರೀಕ್ಷೆಯೇ ಇಲ್ಲವೆಂದು ಇದರ ಅರ್ಥವಲ್ಲ. ಪೌಲನು ಕೊರಿಂಥದವರಿಗೆ ಬರೆದಂತೆ ಪ್ರತಿಯೊಬ್ಬನ ಕಟ್ಟಡವೂ ಬೆಂಕಿಯಲ್ಲಿ ಪರೀಕ್ಷೆಗೊಳಗಾಗುತ್ತದೆ, ಹುಲ್ಲಿನಲ್ಲಿ ಕಟ್ಟಿದ್ದು ಉರಿದುಹೋಗುತ್ತದೆ, ಕಟ್ಟಿದವನು ಉಳಿದರೂ. ಮುಂದಕ್ಕೆ ಕಳಿಸಿದ ಪೆನ್‌ಡ್ರೈವಿನ ಆ ದೃಶ್ಯಗಳೂ ಆ ಬೆಂಕಿಗೆ ಬೀಳುತ್ತವೆ. ಬೀಳಲಿ.

ಪೇತ್ರನ ಪತ್ರವಂತೂ ತೀರ್ಪು ದೇವರ ಮನೆಯಿಂದಲೇ ಶುರುವಾಗುತ್ತದೆಂದು ಹೇಳುತ್ತದೆ. ನಮ್ಮ ಸಭೆಗಳು ಈ ವಿಷಯವನ್ನು ಎತ್ತಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನಗೆ ಗುಮಾನಿ. ದೇವರ ನ್ಯಾಯಾಸನದ ಬಗ್ಗೆ ಮಾತಾಡಲು ಮುಜುಗರಪಡುವ ನಾವು ಚರ್ಚಿನ ಆಸ್ತಿ, ಪದವಿ, ಚುನಾವಣೆಗಳಿಗಾಗಿ ಮನುಷ್ಯರ ನ್ಯಾಯಾಲಯಗಳನ್ನು ಹತ್ತಿಳಿಯುವಾಗ ಯಾವ ಮುಜುಗರವನ್ನೂ ತೋರಿಸಿಲ್ಲ. ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣದ ನೀತಿ ಪ್ರಕಟಿಸಿ, ಅಸ್ಪೃಶ್ಯತೆ ಚರ್ಚಿನೊಳಗೂ ಇದೆಯೆಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದು. ಆದರೆ ಸ್ಮಶಾನದಲ್ಲೂ ಗೆರೆ ಎಳೆದುಕೊಂಡವರಿಗೆ ಸತ್ತವರೆಲ್ಲ ಒಂದೇ ನ್ಯಾಯಾಸನದ ಮುಂದೆ ಏಳುವ ದಿನದ ಬಗ್ಗೆ ಪ್ರಸಂಗ ಕೇಳಲು ಹಿತವಾಗಲಾರದು. ಮೆತ್ತನೆಯ ದೇವರು ಯಾರಿಗೆ ಅನುಕೂಲ ಎಂಬುದು ಇಲ್ಲಿ ಬಯಲಾಗುತ್ತದೆ.

ಗಂಡನ ಏಟು ತಿಂದು ಕಣ್ಣು ಊದಿಸಿಕೊಂಡ ಹೆಣ್ಣುಮಗಳು ಸಭಾಪಾಲಕರ ಮನೆ ಬಾಗಿಲಿಗೆ ಬರುತ್ತಾಳೆ. ‘ದೇವರು ಪ್ರೀತಿಯಮ್ಮ, ಕ್ಷಮಿಸಿ ಮನೆಗೆ ಹೋಗು’ ಎಂಬ ಉತ್ತರ ಅವಳಿಗೆ ಎಷ್ಟು ಸಲ ಸಿಕ್ಕಿಲ್ಲ? ಇದನ್ನು ಹೇಳುವವರು ತೀರ್ಪು ಕೊಡುತ್ತಿಲ್ಲವೆಂದು ತಿಳಿದಿದ್ದಾರೆ. ಕೊಟ್ಟಾಗಿದೆ, ಹೊಡೆದವನ ಪರವಾಗಿ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ, ಪಂಚಾಂಗದ ಪ್ರಕಾರ ಓದಲೇಬೇಕಾದ ವಾಕ್ಯಗಳು ಕ್ರಿಸ್ತನ ಎರಡನೆಯ ಬರುವಿಕೆಯನ್ನೂ ನ್ಯಾಯವನ್ನೂ ಕುರಿತವು. ಅವನ್ನು ಸರಸರ ಓದಿ ಗೋದಲಿಯ ಹುಲ್ಲಿಗೆ, ಕೇಕಿಗೆ, ನಕ್ಷತ್ರದ ದೀಪಕ್ಕೆ ಜಿಗಿಯುವ ಬೋಧಕರಿಗೆ ಆ ಹೆಣ್ಣಿನ ಊದಿದ ಕಣ್ಣು ಕಾಣುವಂತೆ ಮುಂದಿನ ಬೆಂಚಿನಲ್ಲಿ ಅವಳಿಗೆ ಜಾಗ ಕೊಡಬೇಕು. ಅದಕ್ಕೂ ಮೊದಲು ಅವಳ ಜೊತೆ ಠಾಣೆಗೆ ಹೋಗಿ ಬರಲಿ. ಪ್ರಸಂಗ ಆಮೇಲೆ ಬರೆದುಕೊಂಡರಾಯಿತು.